ದನದ ಹೊತ್ತಿನ ಎಣಿಕೆ

"ಇವನ ಮೈಯಾಗ ಇರೋದು ರಕ್ತ ಅಲ್ರೀ, ಸೋಡಾ. ಸೋಡಾಕ್ಕ ಯಾರರೆ ಹೆಣ್ಣು ಕೊಡ್ತಾರೇನು?" ದವಾಖಾನೆಯ ಕಟ್ಟೆಯ ಮೇಲೆ ನಿಂತು ತೋಂಟಪ್ಪ ಸಾವಕಾರ ಹೀಗೆ ಕೇಳಿದ. ನನ್ನನ್ನು ಕೇಳಲಿಲ್ಲ, ಊರನ್ನು ಕೇಳಿದ. ಊರು ಹೊಟ್ಟೆ ಹಿಡಿದುಕೊಂಡು ನಕ್ಕಿತು. ಬೆಳಗಿನ ಎಣಿಕೆ ಕೇಳಲು ಬಂದ ಅಷ್ಟೂ ಜನ, ಮಿರ್ಚಿ ಕರಿಯುವ ಸೋಮವ್ವ, ಅವಳ ಮೊಮ್ಮಕ್ಕಳು, ಕೊನೆಗೆ ಹಗ್ಗ ಕಟ್ಟಿಸಿಕೊಂಡು ನಿಂತಿದ್ದ ಮುದುಕರು ಕೂಡ ನಕ್ಕರು. ಆ ಮುದುಕರು ನಕ್ಕದ್ದು ನನಗೆ ಇನ್ನೂ ಜೀರ್ಣವಾಗಿಲ್ಲ. ಹಿಂದಿನ ದಿನ ನಮ್ಮವ್ವ ಎಲೆ, ಅಡಿಕೆ, ತೆಂಗಿನಕಾಯಿ ಹಿಡಿದುಕೊಂಡು ತೋಂಟಪ್ಪನ ಮಗಳು ಕಲ್ಲವ್ವನನ್ನು ನನಗೆ ಕೇಳಲು ಹೋಗಿದ್ದಳು. ಆಗ ಅವನು ಏನೂ ಹೇಳದೆ ಚಹ ಕುಡಿಸಿ ಕಳಿಸಿದ್ದ. ಉತ್ತರವನ್ನು ಲೌಡ್‌ಸ್ಪೀಕರಿನ ಪಕ್ಕ ನಿಂತೇ ಕೊಡಬೇಕೆಂದು ಬಾಯಲ್ಲಿ ಇಟ್ಟುಕೊಂಡು ಕೂತಿದ್ದನೆಂದು ಕಾಣುತ್ತದೆ.

ಲ್ಯಾಬಿನ ದುಂಡಯ್ಯ ಆಗತಾನೆ ನನ್ನ ಎಣಿಕೆ ಓದಿದ್ದ. "ಹಮಾಲ ಮಾರುತಿ. ಹನ್ನೆರಡು ಸಾವಿರ." ಹನ್ನೆರಡು ಸಾವಿರ ಪ್ಲೇಟ್‌ಲೆಟ್ ಇರುವ ಮನುಷ್ಯ ನಮ್ಮೂರಿನಲ್ಲಿ ಹುಣಸೆಮರದ ತುದಿಗೆ ಸಿಕ್ಕಿಕೊಂಡಿರಬೇಕು. ನಾನು ಎರಡೂ ಕಾಲು ಊರಿ ನಿಂತಿದ್ದೆ. "ನಿಮಗ ಕಣ್ಣು ಅದಾವಿಲ್ಲೋ? ನನ್ನ ಕಾಲು ನೋಡ್ರಿ," ಎಂದು ಜಿಗಿದು, ದೊಪ್ಪೆಂದು ನೆಲಕ್ಕೆ ಬಂದು ತೋರಿಸಿದೆ. "ನೋಡ್ರಿ, ಹಾರಾಕ ಸುರು ಮಾಡಿದ," ಎಂದ ದುಂಡಯ್ಯ, ಅದನ್ನೂ ಲೌಡ್‌ಸ್ಪೀಕರಿನಲ್ಲಿಯೇ. ನನಗೆ ಸಿಟ್ಟು ಬಂತು. ನನಗೆ ಸಿಟ್ಟು ಬರಲು ಕಾರಣ ಬೇಕಾಗಿಲ್ಲ, ಆದರೆ ಅಂದು ಕಾರಣವೂ ಇತ್ತು.

ನಮ್ಮೂರಿನಲ್ಲಿ ಪ್ಲೇಟ್‌ಲೆಟ್ ಇಳಿದರೆ ಮನುಷ್ಯ ಏರುತ್ತಾನೆ. ಮನುಷ್ಯನಷ್ಟೇ ಅಲ್ಲ, ನಾಯಿ, ಎಮ್ಮೆ, ಆಡು ಎಲ್ಲವೂ ಏರುತ್ತವೆ. ಯಾರ ಮನೆಯಲ್ಲೂ ತೂಗುಫ್ಯಾನು ಇಲ್ಲ. ಮನೆ ಕೊಳ್ಳಲು ಬಂದವರು ಗೋಡೆ ತಟ್ಟಿ ನೋಡುವುದಿಲ್ಲ, ಮಾಳಿಗೆಯ ಕೆಳಮೈಗೆ ಗಾದಿ ಹೊಡೆದಿದ್ದಾರೋ ಇಲ್ಲವೋ ನೋಡುತ್ತಾರೆ. ಜ್ವರದ ಕಾಲ ಬಂತೆಂದರೆ ಪ್ರತಿ ಓಣಿಗೂ ದೋಟಿ ಹಿಡಿದವರು ಬರುತ್ತಾರೆ. ತುದಿಗೆ ಕೊಕ್ಕೆ ಕಟ್ಟಿದ ಆ ಉದ್ದನೆಯ ಬಿದಿರುಕೋಲಿನಿಂದ ಮರದಲ್ಲಿ, ತಂತಿಯಲ್ಲಿ ಸಿಕ್ಕಿಕೊಂಡವರನ್ನು ಇಳಿಸುತ್ತಾರೆ. ನಮ್ಮಜ್ಜಿ ಒಂದು ಶ್ರಾವಣ ಪೂರ್ತಿ ಮಾಳಿಗೆಗೆ ಬೆನ್ನು ಹಚ್ಚಿಕೊಂಡು ಮಲಗಿದ್ದಳು. ದೋಟಿಯ ತುದಿಗೆ ರೊಟ್ಟಿ ಸಿಕ್ಕಿಸಿ ಕೊಟ್ಟರೆ, ಮೇಲಿನಿಂದಲೇ ಪಲ್ಯಕ್ಕೆ ಉಪ್ಪು ಕಡಿಮೆ ಎಂದು ಬೈಯುತ್ತಿದ್ದಳು. ನಿಚ್ಚಣಿಕೆ ಹತ್ತಿ ಎಮ್ಮೆ ಹಿಂಡುವುದು ನಮ್ಮಲ್ಲಿ ಯಾರಿಗೂ ಹೊಸದಲ್ಲ. ಟಾಕೀಸಿನಲ್ಲಿ ಬಾಲ್ಕನಿಗಿಂತ ಮೇಲೆ ಇರುವವರಿಗೆ ಟಿಕೆಟ್ ಇಲ್ಲ, ಅದಕ್ಕೇ ಕೆಲವರು ಜ್ವರ ಬಂದರೆ ಹಿಗ್ಗುತ್ತಾರೆ. ಮಕ್ಕಳಿಗೆ ಕಲ್ಲಪ್ಪ, ಗುಂಡಪ್ಪ, ಬೆಟ್ಟಪ್ಪ ಎಂದು ಹೆಸರಿಡುತ್ತಾರೆ. ನಮ್ಮಪ್ಪ ಬೇರೆ ಊರಿನಿಂದ ಮನೆ ಅಳಿಯನಾಗಿ ಬಂದವನು, ಏನೂ ತಿಳಿಯದೆ ಮಾರುತಿ ಎಂದಿಟ್ಟ. ಅಂದಿನಿಂದಲೇ ಊರಿಗೆ ನನ್ನ ಮೇಲೆ ಒಂದು ಕಣ್ಣು.

ಐವತ್ತು ಸಾವಿರಕ್ಕಿಂತ ಕಡಿಮೆ ಬಂದವರಿಗೆ ಹಗ್ಗ ಕಟ್ಟಬೇಕು, ಹಗ್ಗ ಬಿಚ್ಚುವ ತನಕ ಅವರಿಗೆ ಮದುವೆ ಇಲ್ಲ. ಇದು ಊರಿನ ಕಟ್ಟಳೆ. ಹಿಂದೆ ಒಬ್ಬ ಮದುಮಗ ಅಕ್ಕಿಕಾಳು ಬೀಳುವ ಹೊತ್ತಿಗೆ ಸರಿಯಾಗಿ ಏರಿಬಿಟ್ಟನಂತೆ. ಸೆರಗಿಗೆ ಗಂಟು ಹಾಕಿದ್ದರಿಂದ ಮದುಮಗಳೂ ಏರಿದಳಂತೆ. ಮಂದಿ ಅಕ್ಕಿಕಾಳನ್ನು ಮೇಲಕ್ಕೆ ಎಸೆದು ಊಟಕ್ಕೆ ಕೂತರಂತೆ. ಯಾರು ಭಾರ, ಯಾರು ಹಗುರ ಎಂದು ಹೇಳುವುದು ದವಾಖಾನೆಯ ಎಣಿಕೆ ಪೆಟ್ಟಿಗೆ. ಊರಿಗೆಲ್ಲ ಅದೊಂದೇ. ಬೆಳಿಗ್ಗೆ ಜನದ ಹೊತ್ತು, ಮಧ್ಯಾಹ್ನದ ಮೇಲೆ ಅದನ್ನು ಜಾನುವಾರು ದವಾಖಾನೆಗೆ ಒಯ್ಯುತ್ತಾರೆ, ಅದು ದನದ ಹೊತ್ತು. ಪೆಟ್ಟಿಗೆಗೆ ಕುಂಕುಮ ಹಚ್ಚಿ, ನಿಂಬೆಹಣ್ಣು ಇಟ್ಟಿರುತ್ತಾರೆ. "ಕಾಲು ಸುಳ್ಳು ಹೇಳ್ತಾವು, ಪೆಟ್ಟಿಗಿ ಹೇಳಂಗಿಲ್ಲ," ಎಂಬುದು ದುಂಡಯ್ಯನ ಮಾತು. ಆ ಮಾತನ್ನು ಊರು ಶಾಲೆಯ ಗೋಡೆಯ ಮೇಲೆ ಬರೆಸಿದೆ.

ಆ ಶಾಲೆಯಲ್ಲಿಯೇ ನನ್ನನ್ನು ಬೆಂಚಿನ ಕಾಲಿಗೆ ಕಟ್ಟುತ್ತಿದ್ದರು. ಪೆಟ್ಟಿಗೆ ನನ್ನನ್ನು ಹುಟ್ಟಿನಿಂದಲೇ ಹಗುರ ಎಂದಿತ್ತು, ಆದರೆ ನನ್ನ ಕಾಲು ಒಂದು ದಿನವೂ ನೆಲ ಬಿಟ್ಟದ್ದಿಲ್ಲ. ಏಳನೇ ಇಯತ್ತೆಯಲ್ಲಿದ್ದಾಗ ಓಟದ ಪಂದ್ಯದಲ್ಲಿ ಬೆಂಚು ಎಳೆದುಕೊಂಡೇ ಓಡಿ ಎರಡನೆಯವನಾಗಿ ಬಂದೆ. ಇವನನ್ನು ಗಾಳಿ ನೂಕಿತು ಎಂದು ಮಾಸ್ತರರು ಬಹುಮಾನವನ್ನು ಮೂರನೆಯವನಿಗೆ ಕೊಟ್ಟರು. ನಾನು ಓಡುವುದನ್ನು ನಿಲ್ಲಿಸಲೇ ಇಲ್ಲ, ಬೆಂಚಿನ ಸಮೇತ ಮನೆಗೆ ಬಂದೆ. ಅಲ್ಲಿಗೆ ನನ್ನ ಓದು ಮುಗಿಯಿತು. ನಮ್ಮವ್ವ ಈಗಲೂ ಆ ಬೆಂಚಿನ ಮೇಲೆ ಕೂತು ಜೋಳ ಹಸನು ಮಾಡುತ್ತಾಳೆ.

ಆಮೇಲೆ ಪೇಟೆಯಲ್ಲಿ ಹಮಾಲಿ ಹಿಡಿದೆ. ಬೆನ್ನ ಮೇಲೆ ಚೀಲ ಇದ್ದಾಗ ಹಗ್ಗ ಬೇಡ, ಚೀಲ ಇಳಿಸಿದ ಕೂಡಲೇ ಹಗ್ಗ ಕಟ್ಟಬೇಕು. ಯಾರಿಗೆ ಕಟ್ಟಬೇಕು? ಊರಿನ ಎಲ್ಲರಿಗಿಂತ ಭಾರವಾದವನಿಗೆ. ಅಂದರೆ ತೋಂಟಪ್ಪ ಸಾವಕಾರನಿಗೆ. ಪೆಟ್ಟಿಗೆ ಅವನಿಗೆ ಒಂಬತ್ತು ಲಕ್ಷ ಹೇಳುತ್ತಿತ್ತು. ಒಂಬತ್ತು ಲಕ್ಷ ಎಂದರೆ ಊರಿಗೆ ಊರೇ ಎದ್ದು ನಿಲ್ಲಬೇಕು. ಅವನು ಬಂದರೆ ಹಳೆಯ ಮಾಳಿಗೆಯವರು ಒಳಗೆ ಕರೆಯಲು ಹೆದರುತ್ತಿದ್ದರು, ನೆಲ ಕುಸಿದೀತೆಂದು. ನೋಡಲು ಬಡಕಲು ಮನುಷ್ಯ, ಮುಖದಲ್ಲಿ ರಕ್ತವೇ ಇಲ್ಲ, ಆದರೂ ಮಂದಿ ಅವನ ಹೆಜ್ಜೆಯ ಸಪ್ಪಳ ಓಣಿಯಾಚೆಗೆ ಕೇಳಿತು ಎಂದು ಆಣೆ ಮಾಡುತ್ತಿದ್ದರು. ಅವನು ಅಂಗಡಿಯ ಮುಂದೆ ನಿಂತಿರುತ್ತಿದ್ದ, ಅವನ ಸೊಂಟದಿಂದ ನನ್ನ ಸೊಂಟಕ್ಕೆ ಉದ್ದನೆಯ ಸೆಣಬಿನ ಹಗ್ಗ. ಅವನ ಮಗಳನ್ನು ನಾನು ಕೇಳಿದ್ದು ಹೇಗೆಂದು ಈಗ ತಿಳಿದಿರಬಹುದು: ದಿನವೂ ಅವನಿಗೇ ಕಟ್ಟಿದ ಹಗ್ಗದ ತುದಿಯಲ್ಲಿ ನಿಂತು ಅವಳನ್ನು ನೋಡಿದ್ದರಿಂದ.

ಕಲ್ಲವ್ವ ಜಾನುವಾರು ದವಾಖಾನೆಯಲ್ಲಿ ಕೆಲಸ ಮಾಡುತ್ತಿದ್ದಳು. ತೇಲುವ ಎಮ್ಮೆಯ ಕಾಲು ಹಿಡಿದು ನಿಲ್ಲಲು ಭಾರದ ಮನೆತನದವರೇ ಬೇಕು ಎಂದು ಊರವರೇ ಅವಳನ್ನು ಕರೆದೊಯ್ದಿದ್ದರು. ಸೋಡಾದ ಮಾತು ಕೇಳಿದ ದಿನ ಚೀಲವೊಂದನ್ನು ಬೆನ್ನಿಗೇರಿಸಿಕೊಂಡೇ ಅವಳ ಬಳಿ ಹೋದೆ. ಚೀಲ ಇದ್ದರೆ ಯಾರೂ ಹಗ್ಗ ಕೇಳುವುದಿಲ್ಲ. ಅವಳು ಒಂದು ಕಪ್ಪು ಬೆಕ್ಕನ್ನು ಟವೆಲಿನಲ್ಲಿ ಸುತ್ತಿ ಹಿಡಿದುಕೊಂಡು ನಿಂತಿದ್ದಳು.

"ನಿಮ್ಮಪ್ಪ ನನ್ನ ಸೋಡಾ ಅಂದ," ಎಂದೆ.

"ಕೇಳಿಸ್ತು. ಇಲ್ಲಿತನಕ ಕೇಳಿಸ್ತು," ಎಂದಳು. ನಗುತ್ತಿದ್ದಳು. "ಈ ಬೆಕ್ಕು ನೋಡು. ಪೆಟ್ಟಿಗಿ ಇದಕ್ಕ ಎಂಟು ಸಾವಿರ ಅಂತೈತಿ. ನಿನಗಿಂತ ಕಡಿಮಿ. ಆದ್ರ ನೆಲಕ್ಕ ಕುಂತು ಮೀಸಿ ತಿರುವತೈತಿ. ಊರಾಗಿನ ಬೆಕ್ಕಿಗೆಲ್ಲಾ ಹಿಂಗ. ಅದಕ್ಕ ನಮ್ಮ ಡಾಕ್ಟರ್ ಬಾಯಾರು ಬೆಕ್ಕಿನ ಎಣಿಕಿ ನಂಬಂಗಿಲ್ಲ, ಗಾಜಿನ ಮ್ಯಾಲೆ ಹನಿ ಎಳದು ತಾವ ನೋಡ್ತಾರ."

"ನಾ ಏನು ಬೆಕ್ಕೇನು?"

"ಮಾರಿ ನೋಡಿದ್ರ ಹಂಗ ಕಾಣ್ತದ. ಚೀಲ ಇಳಿಸಿ ಒಳಗ ಬಾ."

ಒಳಗೆ ಡಾಕ್ಟರ್ ಯಮುನಾಬಾಯಿ ಇದ್ದರು. ದನದ ಡಾಕ್ಟರು, ನಕ್ಕರೆ ಮೇಜಿನ ಮೇಲಿನ ಬಾಟಲಿಗಳು ಕುಣಿಯುತ್ತಿದ್ದವು. ನನ್ನ ರಕ್ತ ತೆಗೆದು ನೇರಳೆ ಮುಚ್ಚಳದ ಟ್ಯೂಬಿಗೆ ಹಾಕಿದರು, ಸ್ವಲ್ಪ ಹೊತ್ತು ಬಿಟ್ಟು ಅದರಿಂದ ಒಂದು ಹನಿಯನ್ನು ಗಾಜಿನ ಮೇಲೆ ತೆಳ್ಳಗೆ ಎಳೆದರು, ಬಣ್ಣ ಹಾಕಿ ತೊಳೆದರು, ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟರು. ಬಾಟಲಿಗಳು ಕುಣಿಯತೊಡಗಿದವು. "ಬಾ ಇಲ್ಲಿ, ನೋಡು ನಿನ್ನ ಸೋಡಾ," ಎಂದರು. ನಾನು ಇಣುಕಿದೆ. ಗುಲಾಬಿ ಬಣ್ಣದ ರೊಟ್ಟಿಗಳನ್ನು ಒಣಹಾಕಿದ ಹಾಗಿತ್ತು. ರೊಟ್ಟಿಗಳ ನಡುವೆ ಅಲ್ಲಲ್ಲಿ ಬೆಲ್ಲಕ್ಕೆ ಇರುವೆ ಮುತ್ತಿದ ಹಾಗೆ ನೇರಳೆ ಚುಕ್ಕಿಗಳ ಗೊಂಚಲು.

"ಆ ಚುಕ್ಕಿನೇ ಪ್ಲೇಟ್‌ಲೆಟ್. ಬೇಕಾದಷ್ಟು ಅದಾವು ನಿನಗ," ಎಂದರು ಬಾಯಾರು. "ನೇರಳೆ ಮುಚ್ಚಳದ ಟ್ಯೂಬಿನಾಗ ರಕ್ತ ಹೆಪ್ಪುಗಟ್ಟಬಾರದು ಅಂತ ಒಂದು ಔಷಧ ಇರತೈತಿ. ಎಲ್ಲಾರಿಗೂ ಅದು ಚಲೋ. ನಿನ್ನವು ಮಾತ್ರ ಅದನ್ನ ಮುಟ್ಟಿದ ಕೂಡಲೇ ಒಂದನ್ನೊಂದು ತಬ್ಬಿಕೊಂಡು ಗುಂಪು ಕಟ್ತಾವು. ಪೆಟ್ಟಿಗಿ ಬಿಡಿಬಿಡಿ ಬಂದದ್ದಷ್ಟ ಎಣಸತೈತಿ. ಗುಂಪು ಕಂಡ್ರ ಇದು ಪ್ಲೇಟ್‌ಲೆಟ್ ಅಲ್ಲ ಅಂತ ದಾಟಿ ಹೋಗತೈತಿ. ಬೆಕ್ಕಿಂದೂ ಇದ ಕಥಿ. ಬೆಕ್ಕಿನವಕ್ಕ ಔಷಧ ಸೈತ ಬ್ಯಾಡ, ಸೂಜಿ ಚುಚ್ಚಿದ ಸಿಟ್ಟಿಗೇ ಗುಂಪಾಗ್ತಾವು."

"ಇವಂದೂ ಸಿಟ್ಟ ಇರಬೇಕ್ರಿ," ಎಂದಳು ಕಲ್ಲವ್ವ.

ಬಾಯಾರು ನೀಲಿ ಮುಚ್ಚಳದ ಇನ್ನೊಂದು ಟ್ಯೂಬಿಗೆ ರಕ್ತ ತೆಗೆದರು. ಅದರಲ್ಲಿರುವುದು ಬೇರೆ ಔಷಧ. ದನದ ಹೊತ್ತು ಇನ್ನೂ ಮುಗಿದಿರಲಿಲ್ಲ. ಎರಡು ಎಮ್ಮೆ, ಒಂದು ಆಡಿನ ಹಿಂದೆ ನನ್ನ ಟ್ಯೂಬು ಎಣಿಕೆ ಪೆಟ್ಟಿಗೆಯ ಬಾಯಿಗೆ ಹೋಯಿತು. ಪೆಟ್ಟಿಗೆ ಗುರುಗುಟ್ಟಿ ಎರಡು ಲಕ್ಷದ ಹತ್ತು ಸಾವಿರ ಎಂದಿತು. ನಾನು ಕೂಗಿದೆನೋ, ಅತ್ತೆನೋ, ನೆನಪಿಲ್ಲ. ಕಲ್ಲವ್ವ ನನ್ನ ಕೈಹಿಡಿದು ಗರಗರ ತಿರುಗಿಸಿದಳು, ನಡುವೆ ಸಿಕ್ಕ ಬೆಕ್ಕು ಇಬ್ಬರನ್ನೂ ಪರಚಿತು, ತಲೆ ತಿರುಗಿ ನಾನು ಆಡಿನ ಮೇಲೆ ಬಿದ್ದೆ. ನೆಲಕ್ಕೆ ಬೀಳುವುದರಲ್ಲಿ ಇಷ್ಟು ಸುಖವಿದೆಯೆಂದು ಅಂದೇ ತಿಳಿದದ್ದು.

ಓಡಿಹೋಗಿ ದುಂಡಯ್ಯನಿಗೆ ಹೇಳಿದೆ. ಅವನು ಕನ್ನಡಕ ಒರೆಸಿಕೊಂಡ.

"ಎಷ್ಟೊತ್ತಿಗೆ ಎಣಿಸಿದ್ದು?"

"ಈಗ, ಅಯ್ಯಾರ. ಮಧ್ಯಾಹ್ನ."

"ಅದು ದನದ ಹೊತ್ತು. ದನದ ಹೊತ್ತಿನಾಗ ಎಣಿಸಿದ್ದು ದನದ್ದು. ಎತ್ತು ಅಂತ ಬರಕೊಳ್ಳಲೇನು? ಎರಡು ಲಕ್ಷದ ಹತ್ತು ಸಾವಿರ, ಎತ್ತಿಗೆ ಚಲೋ ಆತು."

"ಹಂಗಾರ ನಾಳೆ ಬೆಳಿಗ್ಗೆ ಎಣಸ್ರಿ. ನೀಲಿ ಮುಚ್ಚಳದಾಗ."

"ನೀಲಿ ಮುಚ್ಚಳ ದನಕ್ಕ. ಜನಕ್ಕ ನೇರಳೆ."

ಬಾಯಾರೇ ಬಂದು ಅವನೊಡನೆ ಜಗಳವಾಡಿದರು. ಗಾಜಿನ ಪಟ್ಟಿ ತಂದು ತೋರಿಸಿದರು. ದುಂಡಯ್ಯ ಅದನ್ನು ಕೈಯಲ್ಲಿ ಕೂಡ ಹಿಡಿಯಲಿಲ್ಲ. "ನೀವು ದೊಡ್ಡವರು ಬಾಯಾರ, ಆದ್ರ ದನಕ್ಕ ದೊಡ್ಡವರು," ಎಂದ. ತೋಂಟಪ್ಪನಿಗೆ ಸುದ್ದಿ ಮುಟ್ಟಿ ಅವನು ಅಂಗಡಿಯ ಮುಂದೆ ನಿಂತು ಹೊಸ ಮಾತು ಹುಟ್ಟಿಸಿದ: ಎತ್ತಿಗೆ ಹೆಣ್ಣು ಬೇಕಾದರೆ ಸಂತೆಯಲ್ಲಿ ಆಕಳು ಸಿಗುತ್ತವೆ. ಮಗಳಿಗೆ ಗಂಡು ಹುಡುಕಲು ಅಂದೇ ಸುತ್ತಿನ ಊರಿಗೆಲ್ಲ ಜನ ಕಳಿಸಿದ. ನಾಲ್ಕು ಲಕ್ಷಕ್ಕೆ ಕಡಿಮೆ ಇರಬಾರದು ಎಂದು ಹೇಳಿ ಕಳಿಸಿದ.

ಇದನ್ನೆಲ್ಲ ಕಲ್ಲವ್ವನ ಮುಂದೆ ಹೋಗಿ ಒದರಿದೆ. ಅವಳು ನಗದೇ ಇದ್ದದ್ದು ಅದೇ ಮೊದಲ ಸಲ. "ನಮ್ಮಪ್ಪನ್ನ ಕೇಳಿದಿ, ಪೆಟ್ಟಿಗೀನ ಕೇಳಿದಿ, ದುಂಡಯ್ಯನ್ನ ಕೇಳಿದಿ. ನನ್ನ ಕೇಳಿದಿಯೇನು?" ಎಂದಳು.

"ನಿನ್ನನ್ನೇನು ಕೇಳೋದು? ನೀ ಒಪ್ಪಿದಿಯಲ್ಲ."

"ಯಾವಾಗ ಒಪ್ಪಿದೆ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಎಮ್ಮೆಯ ಕಡೆಗೆ ಹೋದಳು. ಅವಳ ಮೇಲೂ ನನಗೆ ಸಿಟ್ಟು ಬಂತು. ಅದು ಎರಡು ದಿನ ಇತ್ತು, ಆಮೇಲೆ ನನ್ನ ಮೇಲೆಯೇ ತಿರುಗಿತು.

ಅಷ್ಟರಲ್ಲಿ ಜ್ವರದ ಕಾಲ ಬಂತು. ಸೋಮವ್ವನ ಮೊಮ್ಮಕ್ಕಳು ಬೇವಿನ ಮರ ಸೇರಿ ಮೇಲಿನಿಂದ ಮಿರ್ಚಿ ಕೇಳುತ್ತಿದ್ದರು. ತೋಂಟಪ್ಪನಿಗೂ ಜ್ವರ ಬಂದು ಹೋಯಿತು. ಹೋದ ಮರುದಿನ ಅಂಗಡಿಯ ಮುಂದೆ ನಿಂತವನ ಕಾಲಿಗೂ ನೆಲಕ್ಕೂ ನಡುವೆ ಒಂದು ಬೆರಳಿನಷ್ಟು ಬೆಳಕು ಕಂಡಿತು. ನಾನು ಕಂಡೆ, ಪೇಟೆಯ ಎಲ್ಲರೂ ಕಂಡರು. ದುಂಡಯ್ಯ ಅವನ ರಕ್ತ ಎಣಿಸಿ, "ಒಂಬತ್ತು ಲಕ್ಷದ ಮ್ಯಾಲೆ ನಾಲ್ಕು ಸಾವಿರ," ಎಂದ. ಒಂಬತ್ತು ಲಕ್ಷದವನು ಏರಲಾರ. ಹಾಗಾದರೆ ಆಗಿದ್ದೇನು? ನೆಲ ಕುಸಿದಿದೆ. ಊರು ಒಮ್ಮತದಿಂದ ಹೀಗೆ ತೀರ್ಮಾನಿಸಿ, ಬುಟ್ಟಿಯಲ್ಲಿ ಮಣ್ಣು ತಂದು ಅವನ ಕಾಲಡಿ ಹಾಕಿ ಗುದ್ದಿತು. ಸಾವಕಾರ ಮತ್ತೆ ನೆಲಕ್ಕೆ ತಾಗಿ ನಿಂತ. ಮರುದಿನ ನೆಲ ಇನ್ನೊಂದಿಷ್ಟು ಕುಸಿಯಿತು, ಇನ್ನಷ್ಟು ಮಣ್ಣು ಬಂತು. ಆ ಮಣ್ಣಿನ ಬುಟ್ಟಿಗಳನ್ನು ಹೊತ್ತವನು ನಾನೇ. ಗುಡ್ಡೆ ನನ್ನ ಎದೆಯ ಮಟ್ಟಕ್ಕೆ ಬೆಳೆಯಿತು. ಅದರ ಮೇಲೆ ನಿಂತು ತೋಂಟಪ್ಪ ವ್ಯಾಪಾರ ಮಾಡುತ್ತಿದ್ದ, ಗಿರಾಕಿಗಳು ಕತ್ತೆತ್ತಿ ಚೌಕಾಸಿ ಮಾಡುತ್ತಿದ್ದರು. ಅವನ ಮೊಣಕಾಲಿನ ಕೆಳಗೆ ಸೂಜಿಮೊನೆಯಂಥ ಕೆಂಪು ಚುಕ್ಕಿಗಳು ಎದ್ದಿದ್ದವು, ಉಗುಳಿದರೆ ಒಸಡಿನ ರಕ್ತ. ಕಲ್ಲವ್ವ ಹೆದರಿ ಬಾಯಾರನ್ನು ಕರೆತಂದಳು. "ಸಾವಕಾರ್ರ, ಒಂದು ಹನಿ ಕೊಡ್ರಿ, ಗಾಜಿನ ಮ್ಯಾಲೆ ನೋಡ್ತೀನಿ," ಎಂದರು ಬಾಯಾರು. "ಅದು ಗುಂಗಾಡು ಕಡಿದದ್ದು. ನಾ ಏನು ಎಮ್ಮಿಯೇನು, ನಿಮ್ಮ ಕಡೆ ತೋರಿಸಾಕ?" ಎಂದ ತೋಂಟಪ್ಪ, ಗುಡ್ಡೆಯ ಮೇಲಿನಿಂದ.

ಸಂತೆಯ ದಿನ ಗಾಳಿ ಎದ್ದಿತು. ನಾನು ಚೀಲ ಇಳಿಸಿ, ಹಗ್ಗ ಕಟ್ಟಿಸಿಕೊಂಡು, ಬೀಡಿ ಹಚ್ಚುತ್ತಿದ್ದೆ. ಸೊಂಟದ ಹಗ್ಗ ಬಿಗಿಯಾಯಿತು. ಸಾವಕಾರ ಕರೆದನೇನೋ ಎಂದು ತಿರುಗಿದರೆ ಗುಡ್ಡೆಯ ಮೇಲೆ ಅವನ ಚಪ್ಪಲಿಗಳಷ್ಟೇ ಇದ್ದವು. ಹಗ್ಗ ನೇರ ಮೇಲಕ್ಕೆ ಹೋಗಿತ್ತು. ಅದರ ತುದಿಯಲ್ಲಿ ಒಂಬತ್ತು ಲಕ್ಷದ ಮನುಷ್ಯ ಧೋತರ ಬಿಚ್ಚಿಕೊಂಡು, ಪಟ್ಟೆಪಟ್ಟೆಯ ಚಡ್ಡಿಯಲ್ಲಿ, ಅಂಗಡಿಯ ಮಾಡಿಗಿಂತ ಎತ್ತರದಲ್ಲಿ ಅಡ್ಡಡ್ಡ ತೇಲುತ್ತಿದ್ದ. ಗಾಳಿ ಬೀಸಿದ ಕಡೆ ಅವನು, ಅವನು ಎಳೆದ ಕಡೆ ನಾನು. ಜೋಳದ ರಾಶಿ ತುಳಿದೆ, ಉಳ್ಳಾಗಡ್ಡಿಯವನ ತಕ್ಕಡಿ ಬೀಳಿಸಿದೆ, ಸೋಮವ್ವನ ಬಾಣಲೆಯನ್ನು ಕೂದಲೆಳೆಯಲ್ಲಿ ತಪ್ಪಿಸಿದೆ. ಸಂತೆಗೆ ಸಂತೆಯೇ ಓ ಎಂದು ಹಿಂದೆ ಓಡಿ ಬಂತು. ನನಗೆ ಎಂಥ ನಗು ಬಂತೆಂದರೆ ಕಾಲು ನಿಲ್ಲದಂತಾಯಿತು.

ದುಂಡಯ್ಯ ಲೌಡ್‌ಸ್ಪೀಕರಿನ ಸಮೇತ ಓಡಿ ಬಂದ. ಮೇಲೆ ನೋಡಿದ, ಕೆಳಗೆ ನೋಡಿದ. "ಹನ್ನೆರಡು ಸಾವಿರದಾಂವ ಮ್ಯಾಲೆ ಇರಬೇಕು, ಒಂಬತ್ತು ಲಕ್ಷದಾಂವ ಕೆಳಗ ಇರಬೇಕು. ಹಂಗ ಕಾಣವಲ್ದು ಅಂದ್ರ ನೀವು ನೋಡೋದು ತಪ್ಪು," ಎಂದು ಸಾರಿದ. ಮಂದಿ ಸ್ವಲ್ಪ ಯೋಚಿಸಿತು. ಆಮೇಲೆ ಒಬ್ಬ ಬಗ್ಗಿ ತನ್ನ ಕಾಲುಗಳ ನಡುವಿನಿಂದ ತಲೆಕೆಳಗಾಗಿ ನೋಡಿದ. "ಹೌದಲ್ಲ, ಈಗ ಸರಿ ಕಾಣ್ತದ," ಎಂದ. ಅವನ ಪಕ್ಕದವನು ಬಗ್ಗಿದ, ಅವನ ಪಕ್ಕದವಳು ಬಗ್ಗಿದಳು. ನೋಡನೋಡುತ್ತ ಇಡೀ ಸಂತೆ ಕುಂಡೆ ಮೇಲೆ ಮಾಡಿ ನಿಂತು ನನ್ನನ್ನು ಮೇಲೆ, ತೋಂಟಪ್ಪನನ್ನು ಕೆಳಗೆ ಕಂಡು ಸಮಾಧಾನಪಟ್ಟಿತು. ಎಳೆಯಲು ಒಬ್ಬನೂ ಬರಲಿಲ್ಲ. ಸರಿಯಾಗಿರುವುದನ್ನು ಏಕೆ ಎಳೆಯಬೇಕು?

ಹಗ್ಗದ ಗಂಟು ನನ್ನ ಸೊಂಟದಲ್ಲಿತ್ತು. ಜಾರುಗಂಟು. ಒಂದು ಎಳೆತಕ್ಕೆ ಬಿಚ್ಚುತ್ತದೆ. ನನ್ನ ಕೈ ಅದರ ಮೇಲೆ ಹೋದದ್ದು ಸುಳ್ಳಲ್ಲ. ಮೇಲಿನಿಂದ ತೋಂಟಪ್ಪ ಅದನ್ನು ಕಂಡ. "ಮಾರುತಿ, ತಮ್ಮಾ, ಗಂಟಿಗೆ ಕೈ ಹಚ್ಚಬ್ಯಾಡೋ," ಎಂದ. ದನಿ ತೆಳ್ಳಗಾಗಿತ್ತು, ಮೂಗಿನಿಂದ ರಕ್ತ ಹನಿಯುತ್ತಿತ್ತು. ಒಂದು ಹನಿ ನನ್ನ ತೋಳಿನ ಮೇಲೆ ಬಿತ್ತು. ಬೆಚ್ಚಗಿತ್ತು. ಸೋಡಾ ಆಗಿರಲಿಲ್ಲ, ಎಮ್ಮೆಯದೂ ಆಗಿರಲಿಲ್ಲ. ನಾನು ಗಂಟು ಬಿಟ್ಟು ಹಗ್ಗ ಹಿಡಿದೆ. ಅಷ್ಟರಲ್ಲಿ ಕಲ್ಲವ್ವ ಬಗ್ಗಿದವರನ್ನು ಹಾರಿಕೊಂಡು, ಕೆಲವರನ್ನು ಒದ್ದು ಬೀಳಿಸಿ ಬಂದು ಹಗ್ಗಕ್ಕೆ ಕೈ ಹಚ್ಚಿದಳು. ಇಬ್ಬರೂ ಹಿಡಿ ಹಿಡಿಯಾಗಿ ಎಳೆದೆವು. ಗಾಳಿ ಎಳೆದುಕೊಳ್ಳುತ್ತಿತ್ತು, ನಾವು ಬೈದುಕೊಳ್ಳುತ್ತ ಎಳೆದೆವು. ಅವನ ಕಾಲಿನ ಹೆಬ್ಬೆರಳು ಕೈಗೆ ಸಿಗುವಷ್ಟಾದಾಗ, ಕಲ್ಲವ್ವನ ಹಿಂದೆಯೇ ಓಡಿಬಂದಿದ್ದ ಯಮುನಾಬಾಯಿ ಅದಕ್ಕೇ ಸೂಜಿ ಚುಚ್ಚಿ, ಹನಿಯನ್ನು ಗಾಜಿನ ಮೇಲೆ ಎಳೆದುಕೊಂಡು ಓಡಿದರು.

ಅವರು ಮರಳಿ ಬರುವಷ್ಟರಲ್ಲಿ ಸಾವಕಾರನನ್ನು ಗೋದಾಮಿನಲ್ಲಿ ಮಲಗಿಸಿ, ಮೇಲೆ ಜೋಳದ ಚೀಲ ಹೇರಿದ್ದೆವು. ಬಾಯಾರು ಈ ಸಲ ನಗುತ್ತಿರಲಿಲ್ಲ. "ಪ್ಲೇಟ್‌ಲೆಟ್ ದೀಪಾ ಹಚ್ಚಿ ಹುಡುಕಬೇಕು," ಎಂದರು. "ಕೆಂಪು ಕಣ ಮಾತ್ರ ಭಾಳ ಸಣ್ಣವು, ಆಡಿನ ರಕ್ತದಾಗ ಇರ್ತಾವಲ್ಲ, ಹಂಗ. ಜನದ ಹೊತ್ತಿನಾಗ ಪೆಟ್ಟಿಗಿ ಸಣ್ಣದು ಕಂಡದ್ದನ್ನೆಲ್ಲಾ ಪ್ಲೇಟ್‌ಲೆಟ್ ಅಂತ ಎಣಸತೈತಿ. ಇಷ್ಟು ವರ್ಷ ಸಾವಕಾರ್ರ ಕೆಂಪು ಕಣ ಎಣಿಸಿ ಒಂಬತ್ತು ಲಕ್ಷ ಅಂದದ್ದು." ದುಂಡಯ್ಯ ಒಮ್ಮೆ ಬಗ್ಗಿ ತಲೆಕೆಳಗಾಗಿ ನೋಡಿದ, ಹಾಗೆ ನೋಡಿದರೂ ತೋಂಟಪ್ಪನ ಮೇಲೆ ಹೇರಿದ ಚೀಲ ಒಂದೂ ಕಡಿಮೆಯಾಗಲಿಲ್ಲ. ಪಕ್ಕದ ಊರಿನ ದೊಡ್ಡ ಡಾಕ್ಟರನ್ನು ಕರೆಸಿದರು. ಅವರು ಬಾಟಲಿ ಏರಿಸಿದರು, ಕಲ್ಲವ್ವ ಹಗಲೆಲ್ಲ ಅಲ್ಲಿಯೇ ಕೂತು ಗಂಜಿ ಕುಡಿಸಿದಳು. ದಿನಕ್ಕೆ ಒಂದೊಂದು ಚೀಲ ತೆಗೆದು ನೋಡುತ್ತಿದ್ದೆವು, ಏರುತ್ತಾನೋ ಇಲ್ಲವೋ ಎಂದು.

ಕೊನೆಯ ಚೀಲ ತೆಗೆಯುವ ದಿನ ಊರೆಲ್ಲ ಗೋದಾಮಿಗೆ ಬಂತು. ತೋಂಟಪ್ಪ ಎದ್ದು ಕೂತ, ನೆಲದ ಮೇಲೆಯೇ ಕೂತ. ಮಂದಿ ಚಪ್ಪಾಳೆ ತಟ್ಟಿತು. ದುಂಡಯ್ಯ ಲೌಡ್‌ಸ್ಪೀಕರು ಎತ್ತಿದ. ಇನ್ನು ಮುಂದೆ ನೀಲಿ ಮುಚ್ಚಳ ಜನಕ್ಕೂ ನಡೆಯುತ್ತದೆ, ಬಾಯಾರು ಗಾಜಿನ ಮೇಲೆ ನೋಡಿದ್ದನ್ನೂ ಎಣಿಕೆ ಎಂದು ತಿಳಿಯಬೇಕು ಎಂದು ಸಾರಿ, "ಹಮಾಲ ಮಾರುತಿ. ಎರಡು ಲಕ್ಷದ ಹತ್ತು ಸಾವಿರ," ಎಂದು ಓದಿದ. ಅದಕ್ಕೂ ಚಪ್ಪಾಳೆ ಬಿತ್ತು. ಯಾರೋ ಬಂದು ನನ್ನ ಸೊಂಟದ ಹಗ್ಗ ಬಿಚ್ಚಿದರು, ಇನ್ಯಾರೋ ಬೆನ್ನು ತಟ್ಟಿದರು. ಹಗ್ಗದ ಮುದುಕರು ಎಲ್ಲರಿಗಿಂತ ಮುಂದೆ ನಿಂತು, ಇವನು ಭಾರದ ಹುಡುಗನೆಂದು ತಮಗೆ ಮೊದಲೇ ಗೊತ್ತಿತ್ತು ಎನ್ನುತ್ತಿದ್ದರು.

ತೋಂಟಪ್ಪ ಮೀಸೆ ಸರಿಮಾಡಿಕೊಂಡ. "ಬಾರಲೇ ಮುಂದ," ಎಂದ. "ಈಗ ಕೇಳು. ಇಷ್ಟು ಮಂದಿ ಮುಂದ ಬಾಯಿ ಬಿಟ್ಟು ಹೆಣ್ಣು ಕೇಳು. ಎರಡು ಲಕ್ಷದ ಹತ್ತು ಸಾವಿರಕ್ಕ ನಾ ಇಲ್ಲ ಅನ್ನಂಗಿಲ್ಲ."

ಊರು ನನ್ನ ಬಾಯಿ ನೋಡಿತು. ದುಂಡಯ್ಯ ಲೌಡ್‌ಸ್ಪೀಕರನ್ನು ನನ್ನ ಮೂಗಿನ ತನಕ ತಂದ. ನಾನು ಸುತ್ತ ನೋಡಿದೆ. ಅಷ್ಟು ಮಂದಿಯಲ್ಲಿ ಕಲ್ಲವ್ವ ಇರಲಿಲ್ಲ. ಮಧ್ಯಾಹ್ನ ತಿರುಗಿತ್ತು, ಅವಳು ಜಾನುವಾರು ದವಾಖಾನೆಯಲ್ಲಿ ಯಾವುದೋ ಎಮ್ಮೆಯ ಕಾಲು ಹಿಡಿದು ನಿಂತಿರಬೇಕು. ಲೌಡ್‌ಸ್ಪೀಕರನ್ನು ಒಂದು ಕೈಯಿಂದ ಪಕ್ಕಕ್ಕೆ ಸರಿಸಿ, ಖಾಲಿ ಚೀಲಗಳನ್ನು ದಾಟಿ, ಹೊಸ್ತಿಲು ದಾಟಿದೆ.

"ಏನಲೇ, ಬ್ಯಾಡೇನು ಹೆಣ್ಣು?" ತೋಂಟಪ್ಪ ಹಿಂದಿನಿಂದ ಕೂಗಿದ.

ನಾನು ತಿರುಗಲಿಲ್ಲ. ಜಾನುವಾರು ದವಾಖಾನೆಯ ಕಡೆಗೆ ನಡೆದೆ.